ಕಡತದ ಹೆಸರಿನ ಕೊನೆಯ ಅಕ್ಷರಗಳು

ಚಾಮರಾಜನಗರದ ಸೀಮೆಯಲ್ಲಿ ರೇಷ್ಮೆ ಬೆಳೆಯುವ ಮನೆಗಳ ಮಕ್ಕಳಿಗೆ ಊಜಿ ನೊಣದ ಪರಿಚಯ ಮಾಡಿಕೊಡಬೇಕಾದ ಅಗತ್ಯವಿಲ್ಲ. ಈ ನೊಣವು ರೇಷ್ಮೆಹುಳುವಿನ ಮೈಮೇಲೆ ಬಿಳಿಯ ಸಣ್ಣ ಮೊಟ್ಟೆಯನ್ನಿಡುತ್ತದೆ; ಮೊಟ್ಟೆಯೊಡೆದು ಬಂದ ಮರಿಯು ಹುಳುವಿನ ಒಡಲನ್ನು ಹೊಕ್ಕು ಅಲ್ಲಿಯೇ ಬೆಳೆಯುತ್ತದೆ. ಹಣ್ಣಾಗುವ ಹೊತ್ತಿಗೆ ಸೋಂಕು ತಗುಲಿದ ಹುಳುವು ಗೂಡನ್ನೇನೋ ಕಟ್ಟುತ್ತದೆ. ಹೊರಗಿನಿಂದ ನೋಡಿದರೆ ಅದೂ ಉಳಿದ ಗೂಡುಗಳಂತೆಯೇ. ಕೆಲವು ದಿನಗಳಲ್ಲಿ ಮರಿಯು ಗೂಡನ್ನು ಕೊರೆದು ಹೊರಬೀಳುತ್ತದೆ. ತೂತುಬಿದ್ದ ಗೂಡಿನಿಂದ ನೂಲು ಬಿಚ್ಚಲು ಬಾರದು. ಈ ನೊಣವು ಕರ್ನಾಟಕವನ್ನು ಪ್ರವೇಶಿಸಿದ್ದು 1980ರಲ್ಲಿ, ಪಶ್ಚಿಮ ಬಂಗಾಳದಿಂದ ತಂದ ಬಿತ್ತನೆ ಗೂಡುಗಳೊಡನೆ. ಬೇಕೆಂದು ತರಿಸಿದ ವಸ್ತುವಿನ ಒಳಗೆ ಅಡಗಿ ಶತ್ರುವು ಮನೆಯೊಳಗೆ ಬಂದಿತು.

ಮನೆಯ ಗಣಕಯಂತ್ರಕ್ಕೆ ಒದಗುವ ಅಪಾಯವೂ ಅನೇಕ ವೇಳೆ ಇದೇ ಬಗೆಯದು. ವೈರಸ್ ಎಂಬ ಹೆಸರನ್ನು ಕೇಳಿದವರು ಅದು ತಾನಾಗಿಯೇ ಅಂಟುವ ರೋಗವೆಂದು ಭಾವಿಸುವುದುಂಟು. ಹಾಗೆ ಹರಡುವಂಥವೂ ಇವೆ. ಆದರೆ ಇನ್ನು ಹಲವು ಕೆಡುಕಿನ ಕಡತಗಳು ಅಂಕಪಟ್ಟಿಯ, ರಸೀತಿಯ, ಚಿತ್ರದ ವೇಷವನ್ನು ತೊಟ್ಟು ಬಂದು, ಯಾರಾದರೂ ತಮ್ಮನ್ನು ತೆರೆಯುವವರೆಗೆ ಕಾದಿರುತ್ತವೆ. ತೆರೆಯುವ ಕೈ ಯಾರದು? ಗುಂಡ್ಲುಪೇಟೆಯ ಸುತ್ತಿನ ಹಳ್ಳಿಗಳಲ್ಲಿ ತಂದೆಯ ಪಹಣಿ, ಅಕ್ಕನ ವಿದ್ಯಾರ್ಥಿವೇತನದ ಅರ್ಜಿ, ಬ್ಯಾಂಕಿನ ಲೆಕ್ಕ ಇವೆಲ್ಲ ಒಂದೇ ಯಂತ್ರದಲ್ಲಿರುವ ಮನೆಗಳುಂಟು. ಆ ಯಂತ್ರವನ್ನು ನಡೆಸಬಲ್ಲವನು ಹೈಸ್ಕೂಲಿನಲ್ಲಿ ಓದುವ ಹುಡುಗನೋ ಕಾಲೇಜಿಗೆ ಹೋಗುವ ಹುಡುಗಿಯೋ ಆಗಿರುವುದು ಸಾಮಾನ್ಯ. ಆದುದರಿಂದ ಈ ಮಾತುಗಳನ್ನು ಹಿರಿಯರಿಗಿಂತ ಮೊದಲು ವಿದ್ಯಾರ್ಥಿಗಳಿಗೆ ಹೇಳುವುದು ಯುಕ್ತ.

ಕಡತವೆಂದರೇನು? ಯಂತ್ರದ ದೃಷ್ಟಿಯಲ್ಲಿ ಅದು ಸಂಖ್ಯೆಗಳ ಒಂದು ಸಾಲು. ಚಿತ್ರವೂ ಸಾಲೇ, ಪತ್ರವೂ ಸಾಲೇ, ಯಂತ್ರಕ್ಕೆ ಅಪ್ಪಣೆ ಕೊಡತಕ್ಕ ಆಜ್ಞಾವಳಿ, ಅಂದರೆ ಪ್ರೋಗ್ರಾಮ್ ಕೂಡ ಸಾಲೇ. ಇವುಗಳಲ್ಲಿ ಯಾವುದನ್ನು ತೋರಿಸಬೇಕು, ಯಾವುದನ್ನು ನಡೆಸಬೇಕು ಎಂಬುದನ್ನು ವಿಂಡೋಸ್ ವ್ಯವಸ್ಥೆಯು ಮುಖ್ಯವಾಗಿ ಕಡತದ ಹೆಸರಿನಲ್ಲಿ ಕೊನೆಯ ಚುಕ್ಕೆಯ ಮುಂದಿರುವ ಅಕ್ಷರಗಳಿಂದ ತೀರ್ಮಾನಿಸುತ್ತದೆ. ಎಕ್ಸ್‌ಟೆನ್ಷನ್ ಎನಿಸಿಕೊಳ್ಳುವ ಇವುಗಳನ್ನು ನಾವು ಅಂತ್ಯಾಕ್ಷರಗಳೆಂದು ಕರೆಯೋಣ. ‘ಪಿಡಿಎಫ್’ ಎಂದಿದ್ದರೆ ಓದುವ ಪುಟ. ‘ಜೆಪಿಜಿ’ ಎಂದಿದ್ದರೆ ಚಿತ್ರ. ‘ಇಎಕ್ಸ್‌ಇ’, ‘ಎಸ್‌ಸಿಆರ್’, ‘ವಿಬಿಎಸ್’ ಎಂದಿದ್ದರೆ ಯಂತ್ರವು ಪಾಲಿಸಬೇಕಾದ ಆಜ್ಞಾವಳಿ.

ಇಲ್ಲಿ ಎರಡು ವಿಚಿತ್ರಗಳಿವೆ. ಮೊದಲನೆಯದಾಗಿ, ವಿಂಡೋಸ್ ತನಗೆ ಪರಿಚಿತವಾದ ಅಂತ್ಯಾಕ್ಷರಗಳನ್ನು, ನಾವು ಬೇಡವೆಂದು ಹೇಳುವ ತನಕ, ಮರೆಮಾಡಿಯೇ ಇರುತ್ತದೆ. ಎರಡನೆಯದಾಗಿ, ಆಜ್ಞಾವಳಿಯ ಕಡತವು ತನ್ನ ಗುರುತಿನ ಚಿತ್ರವನ್ನು ತನ್ನೊಳಗೇ ಹೊತ್ತು ತರಬಲ್ಲದು. ಅದನ್ನು ರಚಿಸಿದವನು ಯಾವ ಚಿತ್ರವನ್ನು ಇಟ್ಟಿರುವನೋ ಅದೇ ಪರದೆಯ ಮೇಲೆ ಕಾಣಿಸುತ್ತದೆ. ಹೀಗಾಗಿ ‘ಅಂಕಪಟ್ಟಿ.ಪಿಡಿಎಫ್.ಇಎಕ್ಸ್‌ಇ’ ಎಂಬ ಕಡತವು, ಕೊನೆಯ ತುಂಡು ಮರೆಯಾಗಿ, ‘ಅಂಕಪಟ್ಟಿ.ಪಿಡಿಎಫ್’ ಎಂದು ತೋರುತ್ತದೆ. ಪಕ್ಕದಲ್ಲಿ ಪಿಡಿಎಫ್‌ನ ಚಿತ್ರವೂ ಇರುತ್ತದೆ. ವೇಷವನ್ನು ಹೊಲಿದವನು ವಂಚಕನು. ಕೊನೆಯ ಗುಂಡಿಯನ್ನು ಹಾಕಿಕೊಟ್ಟದ್ದು ನಮ್ಮದೇ ಯಂತ್ರ!

ಇದು ಬರಿಯ ಊಹೆಯಲ್ಲ. 2000ನೆಯ ಇಸವಿಯ ಮೇ 4ರಂದು ಫಿಲಿಪ್ಪೀನ್ಸಿನಿಂದ ಹೊರಟ ‘ಐ ಲವ್ ಯೂ’ ಎಂಬ ಪಿಡುಗು ಪ್ರೇಮಪತ್ರದ ರೂಪದಲ್ಲಿ ಲೋಕವನ್ನು ಸುತ್ತಿತು. ಆ ಕಡತದ ಹೆಸರು ‘ಟಿಎಕ್ಸ್‌ಟಿ’ ಎಂದು ಮುಗಿದಂತೆ ಕಾಣುತ್ತಿತ್ತು; ನಿಜವಾದ ಅಂತ್ಯಾಕ್ಷರಗಳು ‘ವಿಬಿಎಸ್’. ತೆರೆದವರ ಚಿತ್ರಗಳೇ ಮೊದಲಾದ ಕಡತಗಳನ್ನು ಅದು ಅಳಿಸಿ, ಅವರ ವಿಳಾಸಪಟ್ಟಿಯಲ್ಲಿದ್ದವರಿಗೆಲ್ಲ ತನ್ನ ಪ್ರತಿಯನ್ನು ಕಳುಹಿಸಿತು. 2013ರಲ್ಲಿ ಕಾಣಿಸಿಕೊಂಡ ‘ಕ್ರಿಪ್ಟೋಲಾಕರ್’ ಪಿಡಿಎಫ್‌ನ ವೇಷ ತೊಟ್ಟು, ಕಡತಗಳಿಗೆ ಗೂಢಲಿಪಿಯ ಬೀಗ ಹಾಕಿ, ಬಿಡಿಸಲು ಹಣ ಕೇಳಿತು. ಹದಿಮೂರು ವರ್ಷಗಳ ಅಂತರದಲ್ಲಿ ಒಂದೇ ಉಪಾಯ ಎರಡು ಸಲ ಫಲಿಸಿತೆಂಬುದನ್ನು ಗಮನಿಸಬೇಕು. ಫೋನಿಗೂ ಇದು ತಪ್ಪಿದ್ದಲ್ಲ. ಮದುವೆಯ ಕರೆಯೋಲೆಯೆಂದು ವಾಟ್ಸಾಪಿನಲ್ಲಿ ಬರುವ ‘ಎಪಿಕೆ’ ಕಡತಗಳ ವಿಷಯದಲ್ಲಿ ಹಿಮಾಚಲ ಪ್ರದೇಶದ ಪೊಲೀಸರು 2024ರಲ್ಲಿ ಜನರನ್ನು ಎಚ್ಚರಿಸಿದರು. ಎಪಿಕೆ ಎಂದರೆ ಫೋನಿನಲ್ಲಿ ಸ್ಥಾಪಿಸತಕ್ಕ ಆಜ್ಞಾವಳಿ. ಕರೆಯೋಲೆಯನ್ನು ಓದಲು ಏನನ್ನಾದರೂ ಸ್ಥಾಪಿಸಬೇಕೆಂದರೆ ಅದು ಕರೆಯೋಲೆಯಲ್ಲವೆಂದೇ ತಿಳಿಯಬೇಕು.

ಅಂತ್ಯಾಕ್ಷರಗಳನ್ನು ಮರೆಮಾಡುವ ಈ ಪದ್ಧತಿ ಕೊನೆಗೊಳ್ಳಬೇಕೆಂಬುದು ನನ್ನ ಖಚಿತವಾದ ಅಭಿಪ್ರಾಯ. ಹೊಸಬರು ಹೆಸರನ್ನು ಬದಲಿಸುವಾಗ ಆ ಅಕ್ಷರಗಳನ್ನೂ ಅಳಿಸಿಬಿಟ್ಟರೆ ಕಡತವು ತೆರೆಯದೆ ಹೋಗುವುದೆಂದು ಕೆಲವರು ಆಕ್ಷೇಪಿಸಬಹುದು. ಇದು ಒಂದು ಕಾಲಕ್ಕೆ ಸರಿಯಾದ ಮಾತು. ಈಗಿನ ವಿಂಡೋಸ್‌ನಲ್ಲಿ ಹೆಸರು ಬದಲಿಸಲು ಹೊರಟರೆ ಚುಕ್ಕೆಯ ಹಿಂದಿನ ಭಾಗವಷ್ಟೇ ಆಯ್ಕೆಯಾಗುತ್ತದೆ. ಅಂತ್ಯಾಕ್ಷರಗಳನ್ನು ಮುಟ್ಟಿದರೆ ಯಂತ್ರವೇ ಎಚ್ಚರಿಸುತ್ತದೆ. ಕಾರಣವು ಹೋದ ಮೇಲೂ ಪದ್ಧತಿಯು ಉಳಿದುಕೊಂಡಿದೆ. ತಯಾರಕರು ಮನಸ್ಸು ಮಾಡಿದರೆ ಬದಲಾವಣೆ ಅಸಾಧ್ಯವಲ್ಲ. ಅಂತರಜಾಲದಿಂದ ಬಂದ ಆಫೀಸ್ ಕಡತಗಳಲ್ಲಿ ಅಡಗಿರುವ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟ್ 2022ರಲ್ಲಿ ತಾನಾಗಿಯೇ ತಡೆಯತೊಡಗಿತು. ಅದೇ ವಿವೇಕವನ್ನು ಇಲ್ಲಿಯೂ ತೋರಬಾರದೇಕೆ?

ಅವರು ಬದಲಿಸುವವರೆಗೆ ನಾವು ಸುಮ್ಮನಿರಬೇಕಾಗಿಲ್ಲ. ವಿಂಡೋಸ್ 11ರ ಫೈಲ್ ಎಕ್ಸ್‌ಪ್ಲೋರರಿನಲ್ಲಿ ‘ವ್ಯೂ’, ಅದರೊಳಗೆ ‘ಷೋ’, ಅದರೊಳಗೆ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಎಂಬುದನ್ನು ಒತ್ತಿದರಾಯಿತು. ಅರ್ಧ ನಿಮಿಷದ ಕೆಲಸ. ನಮ್ಮ ಶಾಲೆಗಳ ಗಣಕಯಂತ್ರದ ಮೊದಲನೆಯ ಪಾಠವೇ ಇದಾಗಬೇಕು. ಜೊತೆಗೆ ಒಂದು ಪ್ರಯೋಗವನ್ನೂ ಮಾಡಿಸಬಹುದು. ನೀವೇ ತಯಾರಿಸಿದ ಒಂದು ಪಿಡಿಎಫ್ ಕಡತವನ್ನು ನೋಟ್‌ಪ್ಯಾಡಿನ ಮೂಲಕ ತೆರೆಯಿರಿ. ಮೊದಲ ಸಾಲಿನಲ್ಲಿ ಶೇಕಡಾ ಚಿಹ್ನೆಯೂ ‘ಪಿಡಿಎಫ್’ ಎಂಬ ಅಕ್ಷರಗಳೂ ಕಾಣಿಸುತ್ತವೆ. ‘ಇಎಕ್ಸ್‌ಇ’ ಕಡತವಾದರೋ ‘ಎಂ’ ಮತ್ತು ‘ಜೆಡ್’ ಎಂಬ ಅಕ್ಷರಗಳಿಂದ ಆರಂಭವಾಗುತ್ತದೆ. ಅನಂತರ ಒಂದು ಚಿತ್ರದ ಪ್ರತಿ ಮಾಡಿ, ಆ ಪ್ರತಿಯ ಅಂತ್ಯಾಕ್ಷರಗಳನ್ನು ‘ಪಿಡಿಎಫ್’ ಎಂದು ಬದಲಿಸಿ ನೋಡಿ. ಅದು ಓದುವ ಪುಟವಾಗುವುದಿಲ್ಲ. ಹೆಸರು ಬೇರೆ, ಒಳಗಿನ ವಸ್ತು ಬೇರೆ ಎಂಬ ಸತ್ಯವನ್ನು ಕಣ್ಣಾರೆ ಕಂಡವನು ಬೇಗನೆ ಮೋಸಹೋಗಲಾರನು.

ಆದರೆ ಇದೊಂದೇ ಸಾಕೆಂದು ಹೇಳಲಾಗದು. ಷಾರ್ಟ್‌ಕಟ್ ಕಡತಗಳ ಅಂತ್ಯಾಕ್ಷರಗಳು ಆಗಲೂ ಕಾಣಿಸುವುದಿಲ್ಲ. ಅಕ್ಷರಗಳ ದಿಕ್ಕನ್ನೇ ತಿರುಗಿಸಿ ಹೆಸರನ್ನು ತಲೆಕೆಳಗು ಮಾಡುವ ವಂಚಕರೂ ಇದ್ದಾರೆ. ಆದುದರಿಂದ ‘ಟೈಪ್’ ಎಂಬ ಅಂಕಣವನ್ನೂ ನೋಡಬೇಕು. ಅಂಕಪಟ್ಟಿಯ ಎದುರಿಗೆ ‘ಅಪ್ಲಿಕೇಷನ್’ ಎಂದೋ ‘ಷಾರ್ಟ್‌ಕಟ್’ ಎಂದೋ ಇದ್ದರೆ ಅದನ್ನು ತೆರೆಯಕೂಡದು. ಕಳುಹಿಸಿದವರು ಪರಿಚಿತರೇ ಆಗಿದ್ದರೂ ಸಂದೇಹ ಬಂದಾಗ ಫೋನ್ ಮಾಡಿ ಕೇಳಬೇಕು. ಪ್ರೇಮಪತ್ರದ ಪಿಡುಗು ಹರಡಿದ್ದೇ ಪರಿಚಿತರ ಹೆಸರಿನಲ್ಲಿ. ವಿಂಡೋಸ್‌ನಲ್ಲಿಯೇ ಇರುವ ಡಿಫೆಂಡರ್ ಕಾವಲನ್ನು ನಿಲ್ಲಿಸಬಾರದು. ಮುಖ್ಯ ಕಡತಗಳ ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿ ತೆಗೆದು, ಅದನ್ನು ಯಂತ್ರದಿಂದ ಬಿಡಿಸಿ ಇಡಬೇಕು. ಹಣ ಕಳೆದುಕೊಂಡಲ್ಲಿ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ಪ್ರಕಾರ ಇಂಥ ಕೃತ್ಯಕ್ಕೆ ಮೂರು ವರ್ಷಗಳವರೆಗೆ ಸೆರೆವಾಸವುಂಟು. ಆದರೆ ಕಾಯಿದೆಯು ನಷ್ಟವಾದ ಮೇಲೆ ಬರುವುದು. ಊಜಿ ನೊಣವನ್ನು ಕಂಡ ರೈತರು ರೇಷ್ಮೆ ಬೆಳೆಯುವುದನ್ನು ಬಿಡಲಿಲ್ಲ. ಹುಳು ಮನೆಯ ಕಿಟಕಿ ಬಾಗಿಲುಗಳಿಗೆ ನೈಲಾನ್ ಪರದೆ ಕಟ್ಟಿದರು, ಹುಳುವಿನ ಮೈಮೇಲಿನ ಕಪ್ಪು ಕಲೆಯನ್ನು ಗುರುತಿಸಲು ಮನೆಯವರಿಗೆಲ್ಲ ಕಲಿಸಿದರು. ಗಣಕಯಂತ್ರವನ್ನು ಕಂಡು ಅಂಜಬೇಕಾದ ಕಾರಣ ನಮಗೂ ಇಲ್ಲ. ಅಂಥ ಪರದೆಯೂ ಅಂಥ ಕಣ್ಣೂ ಇದ್ದರೆ ಸಾಕು. ಈ ಸಂಚಿಕೆಯನ್ನು ಮಡಿಸಿಡುವ ಮೊದಲು ನಿಮ್ಮ ಮನೆಯ ಯಂತ್ರದಲ್ಲಿ ಅಂತ್ಯಾಕ್ಷರಗಳು ಕಾಣಿಸುತ್ತಿವೆಯೇ ಎಂದು ನೋಡಿರಿ. ಅನಂತರ ನೆರೆಮನೆಯ ಯಂತ್ರವನ್ನೂ ನೋಡಿಕೊಡಿರಿ.