ಮಾಂಸ ಬಿಟ್ಟರೆ ಮಸಾಲೆಯನ್ನೂ ಬಿಡಬೇಕೆ?

ಗಾಂಧಿ ಬಜಾರಿನಲ್ಲಿ ಸೋಯಾ ಉಂಡೆ, ಅದೇ ಮೀಲ್ ಮೇಕರ್, ಕೊಳ್ಳುವಾಗ ಪಕ್ಕದ ಮನೆಯಾಕೆ ಕೇಳಿಯೇಬಿಟ್ಟರು: “ಮಾಂಸ ಬಿಟ್ಟ ಮೇಲೆ ಅದರ ಹಾಗಿರೋದು ಯಾಕ್ರೀ?”

ಸೋದರಿಯರೇ, ನಮ್ಮನೆಯವರು ಬಿಟ್ಟದ್ದು ಕೋಳಿ ಕೊಯ್ಯೋದನ್ನ ನೋಡಲಾರದೆ. ರುಚಿ ಸೇರದೆ ಅಲ್ಲ. ಹೋದ ವರ್ಷ ಹೊಸತೊಡಕಿನ ದಿನ ಅವರೊಬ್ಬರೇ ತಿಳಿಸಾರು ಉಣ್ಣುತ್ತಿದ್ದರೆ ನನಗೂ ತುತ್ತು ಇಳಿಯಲಿಲ್ಲ. ಈ ಸಲ ಅದೇ ಚಕ್ಕೆ-ಲವಂಗ, ಹುರಿದ ಕೊಬ್ಬರಿಯ ಮಸಾಲೆಗೆ ಇದನ್ನು ಹಾಕಿದೆ.

ಎಣ್ಣೆ ತೆಗೆದ ಸೋಯಾ ಹಿಟ್ಟಿನಿಂದ ಮಾಡಿದ್ದು; ಒಣಗಿದ್ದು ೧೦೦ ಗ್ರಾಂ ಇದ್ದರೆ ಸುಮಾರು ೫೦ ಗ್ರಾಂ ಪ್ರೋಟೀನೇ. ಉಪ್ಪು ಹಾಕಿದ ಬಿಸಿನೀರಲ್ಲಿ ೧೦ ನಿಮಿಷ ನೆನೆಸಿ, ತಣ್ಣೀರಲ್ಲಿ ತೊಳೆದು ಎರಡು ಸಲ ಗಟ್ಟಿಯಾಗಿ ಹಿಂಡಿ. ಇಲ್ಲವಾದರೆ ಹಸಿವಾಸನೆ ಹೋಗದು. ಎಳೆ ಹಲಸು ಸಿಕ್ಕರೆ ನನಗೆ ಅದೇ ಇಷ್ಟ.

ಅತ್ತೆಯವರು “ಸುಳ್ಳು ಮಟನ್ನು” ಅಂತ ನಕ್ಕರು. ಇವರು ಮಾತ್ರ ಮಾತಾಡದೆ ಇನ್ನೊಂದು ಮುದ್ದೆ ಕೇಳಿದರು.