ಕಾರ್ಡು ಇದ್ದರೆ ಸಾಲದು, ಮಾತ್ರೆಯೂ ಸಿಗಬೇಕು

ಮನೆಯಲ್ಲಿ ಆರೋಗ್ಯ ಕಾರ್ಡು ಇದ್ದರೆ ಕಾಯಿಲೆಯ ಖರ್ಚಿನ ಚಿಂತೆ ತೀರಿತು ಎಂದು ಅನೇಕರು ಭಾವಿಸುತ್ತಾರೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ದೊರೆಯುತ್ತದೆ. ಇದು ದೊಡ್ಡ ಆಸರೆ, ಸಂಶಯವಿಲ್ಲ. ಆದರೆ ಇದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗೆ. ರಕ್ತದೊತ್ತಡಕ್ಕೆ, ಸಕ್ಕರೆ ಕಾಯಿಲೆಗೆ ತಿಂಗಳು ತಿಂಗಳೂ ಔಷಧಿ ಅಂಗಡಿಯಲ್ಲಿ ಕೊಡುವ ಹಣ ನಮ್ಮ ಜೇಬಿನಿಂದಲೇ ಹೋಗಬೇಕು.

ಕೇಂದ್ರ ಸರ್ಕಾರದ ಲೆಕ್ಕದಂತೆ, ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರು ನೇರವಾಗಿ ಕೈಯಿಂದ ತೆರುವ ಪಾಲು 2013-14ರಲ್ಲಿ ಶೇ 64.2 ಇತ್ತು, 2021-22ರಲ್ಲಿ ಶೇ 39.4ಕ್ಕೆ ಇಳಿಯಿತು. ಇಳಿದರೂ ಅದು ಸಣ್ಣ ಪಾಲಲ್ಲ.

ಸಂಸಾರದಲ್ಲಿ ಕೈ ಬಿಗಿಯಾದಾಗ ಅಕ್ಕಿ, ಶಾಲೆಯ ಶುಲ್ಕ ನಿಲ್ಲುವುದಿಲ್ಲ; ಮಾತ್ರೆ ನಿಲ್ಲುತ್ತದೆ. ಅದರಲ್ಲೂ ಮೊದಲು ನಿಲ್ಲುವುದು ತಾಯಂದಿರ ಮತ್ತು ವೃದ್ಧರ ಮಾತ್ರೆ. ರಕ್ತದೊತ್ತಡ ಏರಿದರೆ ಸಾಮಾನ್ಯವಾಗಿ ನೋವಾಗುವುದಿಲ್ಲ. ಹೀಗಾಗಿ ‘ಈಗ ಆರಾಮವಾಗಿದ್ದೇನೆ’ ಎಂದು ಮಾತ್ರೆ ಬಿಟ್ಟವರಿಗೆ ಪಾರ್ಶ್ವವಾಯು ಅಥವಾ ಹೃದಯಾಘಾತ ಆದಾಗಲೇ ಅಪಾಯದ ಅರಿವಾಗುತ್ತದೆ. ಆಗ ಕಾರ್ಡು ಆಸ್ಪತ್ರೆಯ ಬಿಲ್ಲು ಕಟ್ಟಬಹುದು. ಬಿದ್ದುಹೋದ ಕೈಕಾಲನ್ನು, ನಿಂತುಹೋದ ದುಡಿಮೆಯನ್ನು ಹಿಂದಕ್ಕೆ ಕೊಡಲಾರದು.

ಖರ್ಚು ತಗ್ಗಿಸುವ ದಾರಿಗಳಿವೆ. ಮೂವತ್ತು ದಾಟಿದವರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ, ಸಕ್ಕರೆ ಪರೀಕ್ಷೆಯನ್ನು ಉಚಿತವಾಗಿ ಮಾಡಿಸಿಕೊಳ್ಳಬಹುದು. ಕಾಯಿಲೆ ಇದ್ದರೆ ಅಲ್ಲಿಯೇ ಹೆಸರು ನೋಂದಾಯಿಸಿ ಮಾತ್ರೆ ಪಡೆಯಬಹುದು. ನಗರಗಳಲ್ಲಿ ‘ನಮ್ಮ ಕ್ಲಿನಿಕ್’ಗಳಿವೆ. ಹೊರಗೆ ಕೊಳ್ಳುವುದಾದರೆ ಔಷಧದ ಮೂಲ ಹೆಸರನ್ನು ಬರೆದುಕೊಡುವಂತೆ ವೈದ್ಯರನ್ನು ಕೇಳಲು ಸಂಕೋಚ ಬೇಡ. ಆಮ್ಲೋಡಿಪಿನ್, ಮೆಟ್‌ಫಾರ್ಮಿನ್‌ನಂತಹ ಮಾತ್ರೆಗಳು ಜನೌಷಧಿ ಕೇಂದ್ರಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸುವುದು, ದಿನ ಬಿಟ್ಟು ದಿನ ನುಂಗುವುದು ಮಾತ್ರ ಉಳಿತಾಯವಲ್ಲ.

ಆದರೆ ಹೊಣೆಯೆಲ್ಲ ರೋಗಿಯದೇ ಎನ್ನುವುದು ಸರಿಯಲ್ಲ. ಒಂದು ದಿನದ ಕೂಲಿ ಬಿಟ್ಟು ಬಂದವರಿಗೆ ‘ಮಾತ್ರೆ ಮುಗಿದಿದೆ, ಮುಂದಿನ ವಾರ ಬನ್ನಿ’ ಎಂದರೆ ಅವರು ಮತ್ತೆ ಬರುವುದು ಕಷ್ಟ. ಸರ್ಕಾರಿ ಕೇಂದ್ರಗಳಲ್ಲಿ ಈ ಮಾತ್ರೆಗಳು ವರ್ಷವಿಡೀ ಇರಬೇಕು. ಒಮ್ಮೆಗೇ ಒಂದು ತಿಂಗಳಿಗಾಗುವಷ್ಟು ಕೊಡಬೇಕು. ದುಡಿಯುವವರಿಗೆ ಅನುಕೂಲವಾಗುವಂತೆ ಸಂಜೆಯ ಹೊತ್ತೂ ಬಾಗಿಲು ತೆರೆದಿರಬೇಕು.

ಪಾರ್ಶ್ವವಾಯುವಿಗೆ ಲಕ್ಷ ವೆಚ್ಚ ಮಾಡಲು ಸಿದ್ಧವಿರುವ ಸರ್ಕಾರಕ್ಕೆ ಅದನ್ನು ತಡೆಯುವ ಮಾತ್ರೆ ಭಾರವಾಗಬಾರದು.