ಪರದೆಯ ಆಮೆ, ದೋಣಿಯ ಆಮೆ

ಮೂರು ವರ್ಷಗಳ ಹಿಂದಿನ ಮಾತು. ಬೇಸಿಗೆಯ ರಜೆಗೆಂದು ಊರಿಗೆ ಬಂದ ನನ್ನ ಮೊಮ್ಮಗನು ಊಟದ ಕರೆಗೂ ಓಗೊಡದೆ ಮೊಬೈಲಿನ ಪರದೆಯಲ್ಲಿ ಕಣ್ಣು ನೆಟ್ಟು ಕುಳಿತಿದ್ದನು. ಇಣುಕಿ ನೋಡಿದೆ. ಕಣ್ಣಿಗೆ ಬಣ್ಣದ ಪಟ್ಟಿ ಕಟ್ಟಿಕೊಂಡ ನಾಲ್ಕು ಆಮೆಗಳು ಎರಡೇ ಕಾಲುಗಳ ಮೇಲೆ ನಿಂತು, ಖಡ್ಗ ದಂಡಗಳನ್ನು ಬೀಸುತ್ತ ವೈರಿಗಳೊಡನೆ ಕಾದಾಡುತ್ತಿದ್ದವು. ಪಂಚತಂತ್ರದ ಆಮೆ ಬಾಯಿ ತೆರೆದು ಮಾತನಾಡಿದ್ದಕ್ಕೇ ಆಕಾಶದಿಂದ ಬಿದ್ದು ಸತ್ತಿತು. ಈ ಆಮೆಗಳ ಮಾತಿಗಾದರೋ ಕೊನೆಯೇ ಇರಲಿಲ್ಲ!

ನಿಂಜಾ ಆಮೆಗಳ ಈ ಕಥೆಯ ಹುಟ್ಟು ಕುತೂಹಲಕರವಾದುದು. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ಪ್ರಾಂತದ ಡೋವರ್ ಎಂಬ ಊರಿನಲ್ಲಿ ಕೆವಿನ್ ಈಸ್ಟ್‌ಮನ್ ಮತ್ತು ಪೀಟರ್ ಲೇರ್ಡ್ ಎಂಬಿಬ್ಬರು ಚಿತ್ರಕಾರರು 1983ರಲ್ಲಿ ವಿನೋದಕ್ಕಾಗಿ ಬರೆದ ಒಂದು ರೇಖಾಚಿತ್ರವೇ ಇದರ ಮೂಲ. ಜಗತ್ತಿನ ಅತ್ಯಂತ ಮಂದಗತಿಯ ಜೀವಿಯೊಂದು ಜಪಾನಿನ ಚಪಲ ಯೋಧನಾದರೆ ಹೇಗಿದ್ದೀತು ಎಂಬ ಪರಿಹಾಸ್ಯವಷ್ಟೆ. 1984ರಲ್ಲಿ ಸಾಲ ಮಾಡಿ, ಕಪ್ಪು ಬಿಳುಪಿನಲ್ಲಿ ಸುಮಾರು 3,000 ಪ್ರತಿಗಳನ್ನು ಅಚ್ಚು ಹಾಕಿಸಿದರು. ಆಮೆಗಳಿಗೆ ಇಟಲಿಯ ಮಹಾನ್ ಕಲಾವಿದರಾದ ಲಿಯೊನಾರ್ಡೊ, ಮೈಕೆಲೇಂಜೆಲೊ, ಡೊನಾಟೆಲ್ಲೊ, ರಫೇಲ್ ಇವರ ಹೆಸರುಗಳನ್ನಿಟ್ಟರು. ಅವುಗಳಿಗೆ ವಿದ್ಯೆ ಕಲಿಸುವ ಗುರುವು ಒಂದು ಮುದಿ ಇಲಿ. ಗುರುವಿನ ಆಕಾರ ಕಂಡು ನನಗೆ ಮೊದಲು ನಗೆ ಬಂದಿತು. ಶಿಷ್ಯರು ಅವನ ಮುಂದೆ ತಲೆಬಾಗಿ ಕುಳಿತುದನ್ನು ಕಂಡ ಮೇಲೆ ನಗೆ ನಿಂತಿತು.

ಆ ಮೂಲ ಪುಸ್ತಕ ಮಕ್ಕಳಿಗಾಗಿ ಬರೆದುದಲ್ಲ. ಅದರ ಮೊದಲ ಸಂಚಿಕೆಯಲ್ಲಿಯೇ ಪ್ರತಿನಾಯಕನು ಹತನಾಗುತ್ತಾನೆ. ಆಟಿಕೆಗಳ ಮಾರಾಟಕ್ಕೆ ಅನುಕೂಲವಾಗಲೆಂದು 1987ರಲ್ಲಿ ದೂರದರ್ಶನಕ್ಕೆ ಚಿತ್ರಮಾಲೆಯನ್ನು ಸಿದ್ಧಪಡಿಸಿದಾಗ ರಕ್ತವೆಲ್ಲ ಮಾಯವಾಯಿತು. ವೈರಿಯ ಸೈನಿಕರು ಯಂತ್ರಮಾನವರಾದರು. ಯಂತ್ರವನ್ನು ಕಡಿದರೆ ಯಾರಿಗೂ ಪಾಪವಿಲ್ಲವಲ್ಲ! ಇಷ್ಟಾದರೂ ಬ್ರಿಟನ್ನಿನವರಿಗೆ ಸಮಾಧಾನವಾಗಲಿಲ್ಲ. ‘ನಿಂಜಾ’ ಎಂಬ ಶಬ್ದವೇ ಹಿಂಸೆಯನ್ನು ಸೂಚಿಸುತ್ತದೆಂದು ಅದನ್ನು ತೆಗೆದು ‘ಹೀರೋ’ ಎಂದು ಹೆಸರಿಟ್ಟರು. ಸರಪಣಿಯಿಂದ ಜೋಡಿಸಿದ ಕೋಲುಗಳನ್ನು ಬೀಸುವ ದೃಶ್ಯಗಳನ್ನು ಕತ್ತರಿಸಿದರು.

ಹಿರಿಯರ ಚಿಂತೆಯೆಲ್ಲ ಕೋಲಿನ ಸುತ್ತ ನಡೆದಿದ್ದಾಗ ಮಕ್ಕಳ ಮನಸ್ಸು ಬೇರೆಡೆಗೆ ಹರಿಯಿತು. ಅವರಿಗೆ ಬೇಕಾದುದು ಆಮೆ. ಕಥೆಯೇ ಅಂತಹುದು. ಬಾಲಕನೊಬ್ಬನು ಸಾಕಲೆಂದು ಕೊಂಡ ಮರಿಗಳು ಚರಂಡಿಗೆ ಬಿದ್ದು ವೀರರಾದವು. ಬ್ರಿಟನ್ನಿನ ಮನೆಮನೆಗಳಿಗೆ ನಾಣ್ಯದಷ್ಟಗಲದ ಮರಿಗಳು ಬಂದವು. ಕಣ್ಣಿನ ಹಿಂದೆ ಕೆಂಪು ಪಟ್ಟೆಯುಳ್ಳ, ರೆಡ್ ಇಯರ್ಡ್ ಸ್ಲೈಡರ್ ಎಂದು ಕರೆಯಿಸಿಕೊಳ್ಳುವ ಈ ಜಾತಿಯ ತವರು ಅಮೆರಿಕದ ಮಿಸಿಸಿಪಿ ನದಿಯ ಸೀಮೆ. ಮರಿಗಳು ಬೆಳೆದು ಊಟದ ತಟ್ಟೆಯಷ್ಟಾದವು, ನೀರನ್ನು ಹೊಲಸು ಮಾಡಿದವು, ಬೆರಳನ್ನು ಕಚ್ಚಿದವು. ಖಡ್ಗವನ್ನಂತೂ ಹಿಡಿಯಲಿಲ್ಲ. ಅನೇಕರು ಅವನ್ನು ಊರ ಕೊಳಗಳಿಗೆ ಬಿಟ್ಟು ಕೈತೊಳೆದುಕೊಂಡರು. 1997ರಲ್ಲಿ ಯುರೋಪಿನ ಒಕ್ಕೂಟವು ಈ ಆಮೆಯ ಆಮದನ್ನೇ ನಿಷೇಧಿಸಬೇಕಾಯಿತು. ಅಮೆರಿಕದಲ್ಲಿ ಇದಕ್ಕೂ ಮೊದಲು, 1975ರಲ್ಲಿಯೇ, ಚಿಪ್ಪು 4 ಅಂಗುಲಕ್ಕಿಂತ ಕಿರಿದಾದ ಮರಿಗಳನ್ನು ಸಾಕಲು ಮಾರುವುದನ್ನು ತಡೆದಿದ್ದರು. ಅವುಗಳ ಮೈಮೇಲಿನ ಸಾಲ್ಮೊನೆಲ್ಲಾ ಎಂಬ ರೋಗಾಣು ಮಕ್ಕಳಿಗೆ ತಗಲುತ್ತಿದ್ದುದೇ ಕಾರಣ.

ಇದನ್ನೆಲ್ಲ ನಾನು ತಿಳಿದುಕೊಂಡುದು ತಡವಾಗಿ. “ನನಗೂ ಒಂದು ಆಮೆ ಬೇಕ್ರೀ ಅಜ್ಜಾ” ಎಂದು ಮೊಮ್ಮಗನು ಹಟ ಹಿಡಿದಾಗ ಪೇಟೆಯ ಅಂಗಡಿಗೆ ಕರೆದೊಯ್ದು, ಗಾಜಿನ ತೊಟ್ಟಿಯ ಸಮೇತ ಕೊಡಿಸಿದವನು ನಾನೇ. ಅದೇ ಕೆಂಪು ಪಟ್ಟೆಯ ಮರಿ. ರಜೆ ಮುಗಿಯಿತು. ಹುಡುಗ ಹೋದ, ಆಮೆ ಉಳಿಯಿತು. ಕಳೆದ ವರ್ಷ ಅದು ಅಂಗೈಯನ್ನು ಮೀರಿದಾಗ ಮಗನು, “ಅಪ್ಪಾ, ಇದನ್ನು ಊರ ಕೆರೆಗೆ ಬಿಟ್ಟುಬಿಡೋಣ, ಪುಣ್ಯವಾದರೂ ಬಂದೀತು” ಎಂದನು. ಸೆರೆಯಲ್ಲಿದ್ದ ಜೀವವನ್ನು ಬಿಡಿಸುವುದು ದಯೆಯೆಂದೇ ನಾನೂ ಬಗೆದೆ. ಬುಟ್ಟಿಯಲ್ಲಿಟ್ಟು ಹೊರಡಲು ಸಿದ್ಧನಾದೆನು. ಆಗ ತಡೆದವರು ನೆರೆಮನೆಯ ಪ್ರಾಣಿಶಾಸ್ತ್ರದ ಉಪನ್ಯಾಸಕಿ. ಲೋಕದಲ್ಲಿ ಅತಿ ಹೆಚ್ಚು ಕೇಡು ಮಾಡುವ 100 ಪರದೇಶಿ ಜೀವಿಗಳ ಪಟ್ಟಿಯಲ್ಲಿ ಇದೂ ಒಂದೆಂದೂ, ನಮ್ಮ ಕೆರೆಯ ಆಮೆಗಳ ಆಹಾರವನ್ನೂ ಅವು ಬಿಸಿಲು ಕಾಯಿಸುವ ಕಲ್ಲನ್ನೂ ಇದು ಕಸಿದುಕೊಂಡೀತೆಂದೂ ಆಕೆ ವಿವರಿಸಿದರು. ಶಾಸ್ತ್ರ ಓದಿದ ನನ್ನ ದಯೆ ಎಷ್ಟು ಅರೆಬರೆಯದೆಂದು ನಾಚಿಕೆಯಾಯಿತು.

ಈ ಆಮೆ 20–30 ವರ್ಷ ಬಾಳುವುದಂತೆ. ನನಗೀಗ ಅರುವತ್ತೇಳು. ಹಿಂದೆ ದನಗಳಿಗೆ ನೀರು ಕುಡಿಸುತ್ತಿದ್ದ ಹಿತ್ತಲಿನ ಕಲ್ಲಿನ ದೋಣಿಯಲ್ಲಿ ಅದನ್ನು ಇರಿಸಿ, ಏರಿ ಕೂಡ್ರಲು ಒಂದು ಚಪ್ಪಡಿಯನ್ನು ಹಾಕಿಸಿದ್ದೇನೆ. ಮುಟ್ಟಿದ ಮೇಲೆ ಎಲ್ಲರೂ ಸೋಪಿನಿಂದ ಕೈ ತೊಳೆಯುತ್ತೇವೆ. ಮೊನ್ನೆಯ ರಜೆಗೆ ಬಂದ ಮೊಮ್ಮಗನು ಬಹಳ ಹೊತ್ತು ದೋಣಿಯ ಬಳಿ ಕುಳಿತಿದ್ದು, “ಇದು ಏನೂ ಮಾಡೂದೇ ಇಲ್ಲಲ್ರೀ ಅಜ್ಜಾ” ಎಂದನು. ಹೌದೆಂದೆನು. ಮರುದಿನ ದೋಣಿಯ ನೀರು ಬದಲಿಸುವ ಕೆಲಸವನ್ನು ಅವನಿಗೆ ಒಪ್ಪಿಸಿದೆನು. ಎರಡು ದಿನ ಗೊಣಗುತ್ತ ಮಾಡಿದನು, ಮೂರನೆಯ ದಿನ ನಾನು ಏಳುವ ಮೊದಲೇ ಕೊಡ ಹಿಡಿದು ಹಿತ್ತಲಿನಲ್ಲಿ ನಿಂತಿದ್ದನು.